ಮೇಷ್ಟ್ರು ಬಂದಾಗ ಎದ್ದವಳು ನಾನೊಬ್ಬಳೇ

ಮೇಷ್ಟ್ರು ಒಳಗೆ ಬಂದರು, ನಾನು ಎದ್ದು ನಿಂತೆ. ಬೇರೆ ಯಾರೂ ಏಳಲಿಲ್ಲ. ನನಗೆ ಆಚೆ ಹೋಗಲು ದಾರಿ ಬೇಕೇನೋ ಎಂದು ಪಕ್ಕದವಳು ಕಾಲು ಮಡಚಿಕೊಂಡಳು. ಅರವತ್ತು ದಾಟಿದ ಆ ಮನುಷ್ಯ ಮೇಜಿನ ಮೇಲೆಯೇ ಕೂತು, ಸೇಬು ಕಚ್ಚುತ್ತಾ, ತಮ್ಮನ್ನು ಡೇನಿಯಲ್ ಎಂದು ಕರೆದರೆ ಸಾಕು ಅಂದರು. ನಮ್ಮ ರಾಮನಾಥಪುರದಲ್ಲಿ ಮೇಷ್ಟ್ರನ್ನು ಹೆಸರು ಹಿಡಿದು ಕರೆದಿದ್ದರೆ ಬೆನ್ನ ಮೇಲೆ ಬಾಸುಂಡೆ ಏಳುತ್ತಿತ್ತು.

ಅರಕಲಗೂಡಿನಲ್ಲಿ ಆರು ವರ್ಷ ಮಕ್ಕಳಿಗೆ ಪಾಠ ಹೇಳಿ, ಶಿಕ್ಷಣದ ಬಗ್ಗೆಯೇ ಓದಲು ವಿದ್ಯಾರ್ಥಿವೇತನ ಸಿಕ್ಕಿ ಫಿಲಡೆಲ್ಫಿಯಕ್ಕೆ ಬಂದವಳು ನಾನು. ಹಳೇ ಊರು ಇದು. ಇಟ್ಟಿಗೆ ಮನೆಗಳು ಗೋಡೆಗೆ ಗೋಡೆ ತಾಗಿಸಿಕೊಂಡು ನಿಂತಿವೆ. ಬಾಗಿಲ ಮುಂದಿನ ಮೆಟ್ಟಿಲಿಗೆ ಇಲ್ಲಿ ಸ್ಟೂಪ್ ಅನ್ನುತ್ತಾರೆ. ಅಕ್ಕಪಕ್ಕದವರು ನಮ್ಮ ಜಗಲಿಯ ಮೇಲಿನಂತೆ ಅಲ್ಲೇ ಕೂತು ಹರಟುತ್ತಾರೆ. ನನಗೆ ತಕ್ಷಣ ಒಗ್ಗಿದ್ದು ಅದೊಂದೇ. ರಾಗಿ ಹಿಟ್ಟು ಹುಡುಕಲು ಎರಡು ಬಸ್ಸು ಬದಲಿಸಿದೆ. ಸಿಕ್ಕ ದಿನ ಒಬ್ಬಳೇ ಮುದ್ದೆ ನುಂಗುತ್ತಾ ಅತ್ತುಬಿಟ್ಟೆ.

ಇಲ್ಲಿ ತರಗತಿಯಲ್ಲಿ ಮಾತಾಡುವುದಕ್ಕೂ ಅಂಕ ಉಂಟು. ಗೊತ್ತಿದ್ದರೂ ಮೇಷ್ಟ್ರ ಎದುರು ಬಾಯಿ ಬರಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಸಮಾಧಾನ ಮಾಡಿಕೊಂಡು ಆರು ವಾರ ಸುಮ್ಮನೆ ಕೂತೆ. ಕೊನೆಗೆ ಡೇನಿಯಲ್ ಕರೆದು, ನಾನು ಓದುತ್ತೇನೋ ಇಲ್ಲವೋ ತಮಗೆ ತಿಳಿಯುತ್ತಲೇ ಇಲ್ಲ, ಹೀಗೇ ಆದರೆ ದರ್ಜೆ ಇಳಿಯುತ್ತದೆ ಅಂದರು. ದರ್ಜೆ ಇಳಿದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ, ಆಮೇಲೆ ಗಂಟುಮೂಟೆ ಕಟ್ಟುವುದೇ.

ಮರುದಿನ ಬೆಳಿಗ್ಗೆ ಸ್ಟೂಪಿನ ಮೇಲೆ ಕೂತು ಅವ್ವನಿಗೆ ಫೋನು ಮಾಡಿದೆ. ಅಲ್ಲಿ ಸಂಜೆ. ಅವ್ವ ಹೊಗೆಸೊಪ್ಪನ್ನು ಕೋಲಿಗೆ ಕಟ್ಟುತ್ತಾ, ಫೋನನ್ನು ಸೊಪ್ಪಿನ ಗುಡ್ಡೆಯ ಮೇಲಿಟ್ಟುಕೊಂಡಿದ್ದಳು. ನಡೆದದ್ದನ್ನೆಲ್ಲ ಹೇಳಿ, ಮೇಷ್ಟ್ರ ಮರ್ಯಾದೆಗೆ ಸುಮ್ಮನಿದ್ದೆ ಅಂದೆ.

"ಅಲ್ಲ ಕಣವ್ವ, ಯೋಳು ಅಂತ ಮೇಷ್ಟ್ರೇ ಕೇಳ್ತಾವ್ರೆ. ಕೇಳಿದ್ಮ್ಯಾಲೂ ಸುಮ್ಕಿದ್ರೆ ಅದ್ಯಾವ ಮರ್ವಾದೆ?" ಅಂದಳು.

ಅವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನನಗೆ ನಾಚಿಕೆಯಾಯಿತು.

ಆ ವಾರ ಓದಬೇಕಿದ್ದ ಲೇಖನದಲ್ಲಿ, ಸುಗ್ಗಿ ಬಂತೆಂದರೆ ಹಳ್ಳಿಯವರು ಮಕ್ಕಳನ್ನು ಶಾಲೆ ಬಿಡಿಸುತ್ತಾರೆ, ಅವರಿಗೆ ಓದಿನ ಬೆಲೆ ಗೊತ್ತಿಲ್ಲ ಎಂದಿತ್ತು. ತರಗತಿಯಲ್ಲಿ ಎಲ್ಲರೂ ಅದಕ್ಕೆ ತಲೆದೂಗಿದರು. ನಾನು ಎದ್ದು ನಿಂತೆ. ಕೂತು ಮಾತಾಡಲು ನನಗೆ ಬರುವುದಿಲ್ಲ. ಹೊಗೆಸೊಪ್ಪು ಕಟ್ಟುವ ಕಾಲದಲ್ಲಿ ಅವ್ವ ನನ್ನನ್ನೂ ಶಾಲೆ ಬಿಡಿಸುತ್ತಿದ್ದಳು, ಅದು ನಿಜ ಅಂದೆ. ಆದರೆ ಅವಳು ಎಲೆ ಕಟ್ಟುವಷ್ಟು ಹೊತ್ತೂ ನಾನು ಎದುರಿಗೆ ಕೂತು ಎಲೆ ಎತ್ತಿಕೊಡುತ್ತಾ, ತೊಡೆಯ ಮೇಲಿನ ಪುಸ್ತಕದ ಪಾಠವನ್ನು ಗಟ್ಟಿಯಾಗಿ ಓದಬೇಕಿತ್ತು. ಅಕ್ಷರ ಗೊತ್ತಿಲ್ಲದಿದ್ದರೂ ಸಾಲು ಹಾರಿಸಿದರೆ ನನ್ನ ದನಿಯಲ್ಲೇ ಕಂಡುಹಿಡಿಯುತ್ತಿದ್ದಳು. ನಾನು ನಿಲ್ಲಿಸಿದರೆ ಅವಳ ಕೈಯೂ ನಿಲ್ಲುತ್ತಿತ್ತು. ಲೇಖನ ಬರೆದವರು ಹಾಜರಿ ಪುಸ್ತಕ ನೋಡಿದ್ದಾರೆ, ನಮ್ಮ ಮನೆ ನೋಡಿಲ್ಲ ಅಂದೆ.

ಡೇನಿಯಲ್ ಮೇಜಿನಿಂದ ಇಳಿದು, ನನ್ನ ಕೊನೆಯ ಮಾತನ್ನು ಬೋರ್ಡಿನ ಮೇಲೆ ಬರೆದರು. ಅಂದಿನ ಚರ್ಚೆಯೆಲ್ಲ ಅದರ ಮೇಲೆಯೇ ನಡೆಯಿತು. ಆ ಸೆಮಿಸ್ಟರಿನ ಕೊನೆಗೆ ನನ್ನ ದರ್ಜೆ ಉಳಿಯಿತು, ವಿದ್ಯಾರ್ಥಿವೇತನವೂ ಉಳಿಯಿತು.

ಈಗ ವಾರಕ್ಕೆರಡು ಸಲವಾದರೂ ಮೇಷ್ಟ್ರ ಮಾತಿಗೆ ಎದುರು ಮಾತಾಡುತ್ತೇನೆ. ಆದರೂ ಅವರು ಬಾಗಿಲಲ್ಲಿ ಕಂಡರೆ ಅರ್ಧ ಎದ್ದು, ನೆನಪಾಗಿ ಕೂರುತ್ತೇನೆ. ಈ ಅರ್ಧ ಏಳುವುದು ಹೋಗುವುದಿಲ್ಲ, ಹೋಗುವುದೂ ಬೇಡ.

ಬೆಳಿಗ್ಗೆ ಸ್ಟೂಪಿನ ಮೇಲೆ ಕೂತು, ಹಿಂದಿನ ದಿನದ ಪಾಠವನ್ನು ಅವ್ವನಿಗೆ ಹೇಳುತ್ತೇನೆ. ಆ ತುದಿಯಿಂದ ಎಲೆಯ ಸರಸರ ಕೇಳುತ್ತಿರುತ್ತದೆ. ದಾರಿಹೋಕರಿಗೆ ಹಲೋ ಅನ್ನಲು ನಾನು ಒಂದು ಗಳಿಗೆ ತಡೆದರೆ ಅದೂ ನಿಲ್ಲುತ್ತದೆ.

"ನಿಲ್ಲಿಸ್ಬ್ಯಾಡ ಕಣವ್ವ," ಅನ್ನುತ್ತಾಳೆ. "ಕೈ ಓಡಕಿಲ್ಲ."