ಸೋತವರ ಮೇಜಿನ ಉರ್ಸುಲಾ ಬಾಯಿ

ಭಾನುವಾರ ನಸುಕು. ಬಿಜೈಯ ಸಭಾಂಗಣದೊಳಗೆ ಇನ್ನೂ ಟ್ಯೂಬ್‌ಲೈಟಿನ ಬೆಳಕೇ ಗತಿ. ಉರ್ಸುಲಾ ಕ್ರಾಸ್ತಾ ಚಪ್ಪಲಿಯನ್ನು ಬಾಗಿಲಲ್ಲಿ ಬಿಟ್ಟು, ಶಾಲನ್ನು ಸೊಂಟಕ್ಕೆ ಬಿಗಿದು, ಉದ್ದನೆಯ ಮೇಜುಗಳ ಮೇಲೆ ರೆಕ್ಸಿನ್ನಿನ ಚೆಸ್ ಹಾಸುಗಳನ್ನು ಬಿಡಿಸುತ್ತಾ ಹೋಗುತ್ತಾರೆ. ಚೀಲದಲ್ಲಿ ಸುರುಳಿ ಸುತ್ತಿಟ್ಟದ್ದರಿಂದ ಹಾಸಿನ ಅಂಚು ಮತ್ತೆ ಮತ್ತೆ ಮೇಲೇಳುತ್ತದೆ. ಅಂಗೈಯಿಂದ ಒತ್ತಿ, ನಾಲ್ಕು ಮೂಲೆಗೆ ನಾಲ್ಕು ಆನೆ ಇಟ್ಟರೆ ಸುಮ್ಮನಾಗುತ್ತದೆ.

"ಬಲಗೈ ಮೂಲೆಯಲ್ಲಿ ಬಿಳಿ ಚೌಕ ಬರಬೇಕು. ತಿರುಗಾಮುರುಗಾ ಹಾಕಿದ್ರೆ ಮಕ್ಕಳಿಗೆ ಗೊತ್ತಾಗುದಿಲ್ಲ, ಅರ್ಧ ಆಟ ಆದ ಮೇಲೆ ಗಲಾಟೆ" ಎನ್ನುತ್ತಾರೆ. ಎಂಬತ್ತು ಹಾಸು ಮುಗಿಯುವ ಹೊತ್ತಿಗೆ ಹೊರಗೆ ಸ್ಕೂಟರುಗಳು ಬಂದು ನಿಲ್ಲತೊಡಗುತ್ತವೆ. ಮಕ್ಕಳ ಕೈಯಲ್ಲಿ ನೀರಿನ ಬಾಟಲಿ, ಹೆತ್ತವರ ಕೈಯಲ್ಲಿ ಇಡ್ಲಿ ಡಬ್ಬಿ. ಉರ್ಸುಲಾ ಕೊನೆಗೆ ಗೋಡೆಬದಿಗೆ ಇನ್ನೊಂದು ಸಣ್ಣ ಮೇಜು ಎಳೆದು ಅದರ ಮೇಲೂ ಒಂದು ಹಾಸು ಬಿಡಿಸುತ್ತಾರೆ. ಆ ಮೇಜಿಗೆ ನಂಬರ್ ಇಲ್ಲ. ಅಲ್ಲಿಗೆ ಬರುವವರು ಸೋತ ಮಕ್ಕಳು ಮಾತ್ರ.

ಬೋಳಾರದ ಉರ್ಸುಲಾಗೆ ಈಗ ಐವತ್ತೆಂಟು. ವಾರವಿಡೀ ಬಿಜೈಯ ಮನೆಯೊಂದರಲ್ಲಿ ಹಾಸಿಗೆ ಹಿಡಿದ ಹಿರಿಯರೊಬ್ಬರ ಆರೈಕೆ. ತಿಂಗಳಿಗೆರಡು ಭಾನುವಾರ ಮಕ್ಕಳ ಚೆಸ್ ಟೂರ್ನಿಗಳಲ್ಲಿ ಮೇಜು ಜೋಡಿಸುವುದು, ಚಹಾ ಕೊಡುವುದು, ಸಂಜೆ ಕಾಯಿ ಎಣಿಸಿ ಚೀಲಕ್ಕೆ ತುಂಬುವುದು. ಭಾನುವಾರದ ಪೂಜೆ ತಪ್ಪುವುದರಿಂದ ಶನಿವಾರ ಸಂಜೆಯೇ ಇಗರ್ಜಿಗೆ ಹೋಗಿ ಬರುತ್ತಾರೆ. ಗಂಡ ಗ್ರೆಗರಿ ಬೇಕರಿ ಕೆಲಸದಿಂದ ನಿವೃತ್ತರು. ಇಸ್ಪೀಟು ಎಂದರೆ ಎದ್ದು ಕೂರುವ ಅವರಿಗೆ ಚೆಸ್ ಎಂದರೆ ಆಕಳಿಕೆ.

ಉರ್ಸುಲಾ ಚೆಸ್ ಕಲಿತದ್ದು ಕುವೈತಿನಲ್ಲಿ. ಅಲ್ಲಿನ ಆಸ್ಪತ್ರೆಯೊಂದರಲ್ಲಿ ಹನ್ನೊಂದು ವರ್ಷ ವಾರ್ಡ್ ಸಹಾಯಕಿಯಾಗಿದ್ದರು. ಚಹಾದ ವಿರಾಮ ಇಪ್ಪತ್ತೇ ನಿಮಿಷ. ಲ್ಯಾಬಿನಲ್ಲಿದ್ದ ಫಿಲಿಪೀನ್ಸಿನ ಗೆಳತಿಯೊಬ್ಬಳು ಬೋರ್ಡ್ ತರುತ್ತಿದ್ದಳು. ಮೊದಲ ದಿನ ಉರ್ಸುಲಾ ಎರಡೇ ನಡೆಗೆ ಸೋತರು. ಚಹಾ ಇನ್ನೂ ಬಿಸಿಯಿತ್ತು.

"ಇಪ್ಪತ್ತು ನಿಮಿಷದಲ್ಲಿ ಚಹಾ ಕುಡೀಬೇಕು, ಆಟವೂ ಮುಗೀಬೇಕು. ಮತ್ತೆ ಎಂತ ಮಾಡುದು? ಗಾಳ ಹಾಕುದು ಕಲಿತೆ" ಎಂದು ನಗುತ್ತಾರೆ. ಆಟದ ಶುರುವಿನಲ್ಲೇ ಎದುರಾಳಿಗೆ ಆಸೆ ತೋರಿಸಿ ಬೀಳಿಸುವ ಉಪಾಯಗಳಿಗೆ ಮಕ್ಕಳು 'ಟ್ರ್ಯಾಪ್' ಎನ್ನುತ್ತಾರೆ. ಉರ್ಸುಲಾರ ಮಾತಿನಲ್ಲಿ ಅದು ಗಾಳ. ರಾಣಿ ಮತ್ತು ಒಂಟೆ ಸೇರಿ ನಾಲ್ಕನೇ ನಡೆಗೆ ರಾಜನನ್ನು ಮುಗಿಸುವುದು ಎಲ್ಲಕ್ಕಿಂತ ಹಳೆಯ ಗಾಳ. ರಾಜನ ಓರೆಯಲ್ಲಿ ನಿಂತ ಸೈನಿಕನೊಬ್ಬನಿಗೆ ರಾಜನ ಹೊರತು ಬೇರೆ ಕಾವಲಿಲ್ಲ. ಏಟು ಬೀಳುವುದು ಅಲ್ಲಿಗೇ. ಅಂಥವು ಹತ್ತಾರು ಅವರಿಗೆ ಬಾಯಿಪಾಠ ಇದ್ದವು. ಕೊನೆಕೊನೆಗೆ ಅವರೆದುರು ಕೂರಲು ಯಾರೂ ಒಪ್ಪುತ್ತಿರಲಿಲ್ಲವಂತೆ.

ಊರಿಗೆ ಮರಳಿದ ಮೇಲೆ ಹಾಸು ಹಾಕುವ ಕೆಲಸಕ್ಕೆ ಕರೆದವರು ಟೂರ್ನಿ ನಡೆಸುವ ಬ್ಯಾಂಕ್ ನೌಕರ ಯೋಗೀಶ್. ತನಗೆ ಆಟ ಬರುತ್ತದೆಂದು ಉರ್ಸುಲಾ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಗೊತ್ತಾದದ್ದು ನಿರೀಕ್ಷಾ ಎಂಬ ಹುಡುಗಿಯಿಂದ. ಆಗ ಅವಳಿಗೆ ಒಂಬತ್ತು ವರ್ಷ, ತೊಕ್ಕೊಟ್ಟಿನಿಂದ ಮೊದಲ ಟೂರ್ನಿಗೆ ಬಂದಿದ್ದಳು. ಮೊದಲ ಸುತ್ತಿನಲ್ಲಿ ನಾಲ್ಕೇ ನಡೆಗೆ ಸೋತವಳು ನೇರ ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡಳು. ತಾಯಿ ಕರೆದರೂ ಬರಲಿಲ್ಲ, ಯೋಗೀಶ್ ಕರೆದರೂ ಬರಲಿಲ್ಲ.

ಉರ್ಸುಲಾ ಚಹಾದ ಕೆಟಲ್ ಕೆಳಗಿಟ್ಟು ಬಾಗಿಲ ಬಳಿ ನಿಂತು, ಮಗಳನ್ನು ಕರೆಯುವಂತೆ ಕೊಂಕಣಿಯಲ್ಲಿ ಕರೆದು ಕೇಳಿದರು: "ಎಷ್ಟನೇ ನಡೆಗೆ ಹೋಯ್ತು, ಬಾಯ್?"

ಒಳಗಿನಿಂದ ಅಳುವಿನ ನಡುವೆ ಉತ್ತರ ಬಂತು: "ನಾಲ್ಕು."

"ನಾಲ್ಕಾ! ನಾನು ಎರಡಕ್ಕೇ ಸೋತಿದ್ದೇನೆ. ನನ್ನದಕ್ಕಿಂತ ನಿಂದು ಡಬಲ್."

ಒಳಗೆ ಅಳು ನಿಂತಿತು. "ಎರಡಕ್ಕೆ ಸೋಲ್ಲಿಕ್ಕೆ ಆಗ್ತದಾ?" ಎಂಬ ಪ್ರಶ್ನೆ ಬಂತು. "ಹೊರಗೆ ಬಂದ್ರೆ ತೋರಿಸ್ತೇನೆ" ಎಂದರು ಉರ್ಸುಲಾ. ಚಿಲಕ ಸರಿಯಿತು. ಎರಡನೇ ಸುತ್ತು ಶುರುವಾಗುವ ಮೊದಲು ಗೋಡೆಬದಿಗೆ ಎಳೆದ ಸಣ್ಣ ಮೇಜೊಂದರಲ್ಲಿ ಇಬ್ಬರೂ ತಮ್ಮ ತಮ್ಮ ಸೋಲನ್ನು ಒಬ್ಬರಿಗೊಬ್ಬರು ಆಡಿ ತೋರಿಸಿಕೊಂಡರು. ಅಂದಿನಿಂದ ಪ್ರತಿ ಟೂರ್ನಿಗೂ ಆ ಮೇಜು ಅಲ್ಲಿ ಬೀಳತೊಡಗಿತು.

"ಸಣ್ಣ ಮಕ್ಕಳ ಆಟ ಹತ್ತು ನಿಮಿಷದಲ್ಲಿ ಮುಗೀತದೆ. ಮುಂದಿನ ಸುತ್ತಿಗೆ ಇನ್ನೂ ಒಂದು ಗಂಟೆ ಉಂಟು. ಆ ಒಂದು ಗಂಟೆ ಸೋತ ಮಗು ಎಲ್ಲಿಗೆ ಹೋಗ್ಬೇಕು? ಹೊರಗೆ ಹೋದ್ರೆ ಅಪ್ಪ ಬೈತಾರೆ" ಎನ್ನುತ್ತಾರೆ ಉರ್ಸುಲಾ. ಅವರ ಮೇಜಿನಲ್ಲಿ ಬೈಗುಳವಿಲ್ಲ. ಮೊದಲು ಬಿಸ್ಕತ್ತು, ಆಮೇಲೆ "ಯಾವ ನಡೆಯಲ್ಲಿ ಆಸೆ ಆಯ್ತು?" ಎಂಬ ಒಂದೇ ಪ್ರಶ್ನೆ. ಮಗು ತಾನಾಗಿ ಬೆರಳಿಟ್ಟು ತೋರಿಸುವವರೆಗೆ ಅವರು ಕಾಯಿ ಮುಟ್ಟುವುದಿಲ್ಲ.

ಕಳೆದ ವರ್ಷ ಈ ಮೇಜಿಗೆ ಕುತ್ತು ಬಂತು. ಎಲ್ರೊಯ್ ಎಂಬ ಹತ್ತು ವರ್ಷದ ಹುಡುಗ ಒಂದೇ ಗಾಳದಿಂದ ಸಾಲಾಗಿ ಬಹುಮಾನ ಗೆಲ್ಲುತ್ತಿದ್ದ. ಬೋರ್ಡಿನ ನಡುವಿನ ಸೈನಿಕನನ್ನು ಕಾವಲಿಲ್ಲದೆ ಬಿಟ್ಟು ತನ್ನ ಕುದುರೆಯನ್ನು ಮುಂದೆ ಹಾರಿಸುತ್ತಿದ್ದ. ಬಿಟ್ಟಿ ಸೈನಿಕ ಸಿಕ್ಕಿದನೆಂದು ಎದುರಾಳಿ ತಿಂದರೆ ಎಲ್ರೊಯ್‌ನ ರಾಣಿ ಹೊರಬರುತ್ತಿದ್ದಳು. ಏಳನೇ ನಡೆಗೆ ಎದುರಾಳಿಯ ರಾಜ ತನ್ನವರ ನಡುವೆಯೇ ಉಸಿರುಕಟ್ಟಿ ಸಾಯುತ್ತಿದ್ದ. ಹಾಗೆ ಸೋತ ಹುಡುಗಿಯೊಬ್ಬಳು ಉರ್ಸುಲಾ ಬಳಿ ಬಂದಳು. "ಸೈನಿಕನನ್ನು ಬಿಡು. ಮುಂದೆ ಬಂದ ಕುದುರೆಯನ್ನು ತಿನ್ನು, ಅಷ್ಟೇ" ಎಂದರು ಅವರು. ಸುತ್ತ ನಿಂತಿದ್ದ ಮಕ್ಕಳೂ ಕೇಳಿಸಿಕೊಂಡರು. ಅಂದು ಮಧ್ಯಾಹ್ನ ಎಲ್ರೊಯ್‌ನ ಸೈನಿಕನನ್ನು ಯಾರೂ ತಿನ್ನಲಿಲ್ಲ. ಅವನು ಎರಡು ಸುತ್ತು ಸೋತ.

ತಂದೆ ಮ್ಯಾಕ್ಸಿಮ್ ಎಲ್ಲರೆದುರೇ ಬಂದು ಕೇಳಿದರು: "ನೀವು ಕುರ್ಚಿ ಹಾಕ್ಲಿಕ್ಕೆ ಬಂದದ್ದಾ, ಕೋಚಿಂಗ್ ಕೊಡ್ಲಿಕ್ಕೆ ಬಂದದ್ದಾ? ನನ್ನ ಮಗ ಕಷ್ಟಪಟ್ಟು ಕಲಿತದ್ದನ್ನು ಇಡೀ ಹಾಲಿಗೆ ಹಂಚಿದ್ರಲ್ಲ!"

ಮುಗಿದ ಆಟವನ್ನು ಮತ್ತೆ ಆಡಿ ನೋಡುವುದರಲ್ಲಿ ನಿಯಮದ ತಪ್ಪಿಲ್ಲ. ಆದರೂ ಯೋಗೀಶ್ ಗಲಾಟೆಗೆ ಹೆದರಿದರು. "ಸ್ವಲ್ಪ ದಿನ ಚಹಾ ಮಾತ್ರ ನೋಡ್ಕೊಳ್ಳಿ ಬಾಯಿ" ಎಂದರು. ಮುಂದಿನ ಮೂರು ಟೂರ್ನಿಗಳಲ್ಲಿ ಗೋಡೆಬದಿ ಖಾಲಿಯಿತ್ತು. ಸೋತ ಮಕ್ಕಳು ಅಭ್ಯಾಸಬಲದಿಂದ ಚಹಾದ ಮೇಜಿನ ಬಳಿ ಬಂದು ನಿಲ್ಲುತ್ತಿದ್ದರು. ಉರ್ಸುಲಾ ಬಿಸ್ಕತ್ತು ಕೊಡುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. "ಆ ದಿನಗಳಲ್ಲಿ ಮನೆಗೆ ಹೋದ್ರೆ ಊಟ ಸೇರ್ತಿರಲಿಲ್ಲ. ಗ್ರೆಗರಿ ಕೇಳಿದ್ರು, ಯಾಕೆ ಕೆಲಸಕ್ಕೆ ಹೋಗುದು, ಬಿಟ್ಟುಬಿಡು ಅಂತ. ಬಿಡ್ಲಿಕ್ಕೆ ಮನಸ್ಸಾಗಲಿಲ್ಲ."

ಎಲ್ರೊಯ್‌ನ ಗಾಳ ಆಮೇಲೂ ಕಚ್ಚಲಿಲ್ಲ. ಗುಟ್ಟು ಎಲ್ಲ ಮಕ್ಕಳಿಗೂ ಗೊತ್ತಾಗಿತ್ತು. ನಾಲ್ಕನೇ ಟೂರ್ನಿಯಲ್ಲಿ ಸೋತು ಎದ್ದವನು ಚಹಾದ ಮೇಜಿಗೇ ಬಂದ. ಹಿಂದೆಯೇ ಮ್ಯಾಕ್ಸಿಮ್ ಇದ್ದರು.

"ಆಂಟಿ, ಅವರು ಸೈನಿಕನನ್ನು ತಿನ್ನದಿದ್ರೆ ನಾನು ಮತ್ತೆ ಎಂತ ಆಡುದು?"

ಉರ್ಸುಲಾ ಹುಡುಗನ ತಂದೆಯ ಮುಖ ನೋಡಿದರು. ಮ್ಯಾಕ್ಸಿಮ್ ಹೋಗಿ ಗೋಡೆಬದಿಗೆ ಮೇಜು ಎಳೆದು ಹಾಕಿದರು. ಉರ್ಸುಲಾ ಕೂತರು, ಹುಡುಗ ಕಾಯಿ ಜೋಡಿಸಿದ, ಆಟ ಆ ಜಾಗಕ್ಕೆ ಬಂತು. ಅವರು ಒಂದು ಕಾಯಿಯತ್ತ ಕೈ ಚಾಚಿ ಹಿಂದೆಗೆದುಕೊಂಡರು.

"ನನಗೂ ಗೊತ್ತಿಲ್ಲ ಪುತಾ" ಎಂದರು. "ನನ್ನ ಆಟವೂ ಇಲ್ಲಿಗೇ ಮುಗೀತಿತ್ತು. ಗೆದ್ರೂ ಇಲ್ಲಿಗೆ, ಸೋತ್ರೂ ಇಲ್ಲಿಗೆ. ಗಂಟೆ ಹೊಡೀತಿತ್ತು, ವಾರ್ಡಿಗೆ ಹೋಗ್ಬೇಕಿತ್ತು."

ಆಮೇಲೆ ಅವರು ನಿರೀಕ್ಷಾಳನ್ನು ಕರೆದರು. ಶೌಚಾಲಯದ ಚಿಲಕ ಹಾಕಿಕೊಂಡಿದ್ದ ಹುಡುಗಿಗೆ ಈಗ ಹದಿನಾಲ್ಕು. ದೊಡ್ಡವರ ವಿಭಾಗದಲ್ಲಿ ಆಡುತ್ತಾಳೆ. ಅವಳು ನಿಂತುಕೊಂಡೇ ಒಂದೊಂದು ಕಾಯಿ ಸರಿಸಿ ಹೇಳಿದಳು: "ಇಲ್ಲಿ ಗೆಲ್ಲುದು ಬೇಡ. ಒಂಟೆಯನ್ನು ಹೊರಗೆ ತೆಗಿ, ರಾಜನನ್ನು ಮೂಲೆಗೆ ಕಳಿಸು. ಮತ್ತೆ ನಿಧಾನ ನೋಡುವ." ಎಲ್ರೊಯ್ ಕೇಳಿದ. ಅವನ ಪಕ್ಕ ಕೂತು ಉರ್ಸುಲಾ ಕೂಡ ಕೇಳಿದರು.

ಅಂದಿನಿಂದ ಮೇಜು ಮತ್ತೆ ನಡೆಯುತ್ತಿದೆ. ಗಾಳಗಳನ್ನು ಬಿಡಿಸುವುದು ಉರ್ಸುಲಾ ಪಾಲು. ಅದರಾಚೆಯದ್ದು ನಿರೀಕ್ಷಾ ಬಂದ ದಿನ ಅವಳ ಪಾಲು. ಮ್ಯಾಕ್ಸಿಮ್ ಕ್ಷಮೆಯನ್ನೇನೂ ಕೇಳಲಿಲ್ಲ. ಬಿಸ್ಕತ್ತಿನ ಪೊಟ್ಟಣ ಮಾತ್ರ ಅವರೇ ತರುತ್ತಾರೆ.

ಈ ಭಾನುವಾರದ ಸಂಜೆ ಬಹುಮಾನ ಹಂಚಿ ಆಯಿತು. ಎಲ್ರೊಯ್‌ಗೆ ಈ ಬಾರಿ ಬಹುಮಾನವಿಲ್ಲ, ಆರನೆಯವನು. ಉರ್ಸುಲಾ ಕಾಯಿ ಎಣಿಸಿ, ಹಾಸುಗಳನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕುತ್ತಾರೆ. ಒಂದು ಹಾಸು ಮಾತ್ರ ಬಾಕಿ. ಅದರ ಆಚೆ ಬದಿಯಲ್ಲಿ ಎಲ್ರೊಯ್ ಕೂತಿದ್ದಾನೆ. ಕೆಲವು ಟೂರ್ನಿಗಳಿಂದ ಇದು ಅವರಿಬ್ಬರ ರೂಢಿ. ಗಡಿಯಾರ ಇಲ್ಲ, ಗಾಳ ಹಾಕಬಾರದೆಂಬ ಒಪ್ಪಂದ.

ಬಾಗಿಲಲ್ಲಿ ಬೀಗ ಹಿಡಿದು ನಿಂತ ಯೋಗೀಶ್, "ಆಯ್ತಾ ಬಾಯಿ? ಎಂತ ಮಾರಾಯ್ರೆ, ನಾನು ಮನೆಗೆ ಹೋಗುದು ಬೇಡ್ವಾ?" ಎನ್ನುತ್ತಾರೆ. ಉರ್ಸುಲಾ ತಲೆಯೆತ್ತುವುದಿಲ್ಲ. ಬೋರ್ಡಿನ ಮೇಲೆ ಅವರ ಒಂದು ಆನೆ, ಮೂರು ಸೈನಿಕರು ಉಳಿದಿದ್ದಾರೆ. ಹುಡುಗನ ಕಡೆ ಒಬ್ಬ ಸೈನಿಕ ಹೆಚ್ಚು.

"ಸೋಲ್ತೇನೆ ಅಂತ ಕಾಣ್ತದೆ" ಎನ್ನುತ್ತಾರೆ ಅವರು, ಆನೆಯ ಮೇಲೆ ಬೆರಳಿಟ್ಟು. "ಐದು ನಿಮಿಷ ನಿಲ್ಲಿ ಯೋಗೀಶ್. ನಲವತ್ತು ನಡೆ ದಾಟಿತು. ಇಷ್ಟು ದೂರ ನಾನು ಬಂದದ್ದೇ ಇಲ್ಲ."