ಬಾಯಿ ಮುಚ್ಚಿ ಆಕಳಿಸುವುದು

ಸಣ್ಣವನಿದ್ದಾಗ ಟಿವಿ ಧಾರಾವಾಹಿಯೊಂದರಲ್ಲಿ ತಾಯಿಯಿಲ್ಲದ ಹುಡುಗನ ಪಾತ್ರ ಮಾಡಿದ್ದೆ. ಪಾತ್ರ ಅಂದರೇನು, ವಾರವಾರ ಅಳುವುದೇ ಕೆಲಸ. ಹರಪನಹಳ್ಳಿ, ದಾವಣಗೆರೆ ಮೇಲೆ ಹಾದು ಬೆಂಗಳೂರಿಗೆ ಅವ್ವನೇ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಳು. ಕಣ್ಣೀರು ಬರಲೆಂದು ಹಚ್ಚುವ ಗ್ಲಿಸರಿನ್‌ಗೆ ನನ್ನ ಕಣ್ಣು ಉರಿಯುತ್ತಿತ್ತು. ಅದಕ್ಕೆ ಮೇಕಪ್ಪಿನವರು ಒಂದು ಉಪಾಯ ಹೇಳಿಕೊಟ್ಟರು: ಬಾಯಿ ಮುಚ್ಚಿಕೊಂಡೇ ಆಕಳಿಸು, ರೆಪ್ಪೆ ಬಡಿಯಬೇಡ. ನೀರು ತಾನೇ ಬರುತ್ತಿತ್ತು. ಶಾಟ್ ಮುಗಿದರೆ ಅವ್ವ ಸೆರಗಿನಿಂದ ನನ್ನ ಮುಖ ಒರೆಸಿ, “ಸಾಕು ಬಿಡು, ಆತು” ಅನ್ನುತ್ತಿದ್ದಳು.

ನಮ್ಮೂರು ಕೊಟ್ಟೂರಿನಲ್ಲಿ ಅಳುಬುರುಕ ಅನ್ನುವ ಹೆಸರೇ ಕಾಯಂ ಆಯಿತು. ಮದುವೆಮನೆಗೆ ಹೋದರೆ ಊಟಕ್ಕೂ ಮೊದಲು, “ಲೇ, ಒಂದ್ಸಲ ಅತ್ತು ತೋರ್ಸಲೇ” ಅನ್ನುವವರು. ತೋರಿಸುತ್ತಿದ್ದೆ. ಅವರು ನಗುತ್ತಿದ್ದರು. ಅಪ್ಪನಿಗೆ ಮಾತ್ರ ಇದು ಸೇರುತ್ತಿರಲಿಲ್ಲ. ಧಾರಾವಾಹಿ ಶುರುವಾದರೆ ಚಪ್ಪಲಿ ಮೆಟ್ಟಿಕೊಂಡು ತನ್ನ ಕಿರಾಣಿ ಅಂಗಡಿಗೆ ಹೊರಟುಬಿಡುತ್ತಿದ್ದ.

ದನಿ ಒಡೆದ ಮೇಲೆ ಟಿವಿಯವರು ಕರೆಯುವುದು ಬಿಟ್ಟರು. ಬೇಜಾರೂ ಆಗಲಿಲ್ಲ, ಖುಷಿಯೂ ಆಗಲಿಲ್ಲ. ಕಾಲೇಜು ಮೈದಾನದಲ್ಲಿ ಫುಟ್‌ಬಾಲ್ ಆಡುವವರ ಜೊತೆ ಸೇರಿಕೊಂಡೆ. ಅಲ್ಲಿ ಯಾರೂ ಮುಖ ನೋಡುವುದಿಲ್ಲ, ಕಾಲು ನೋಡುತ್ತಾರೆ. ನನಗೆ ಅದೇ ಹಿಡಿಸಿತು.

ಹಡಗಲಿಯವರ ಮೇಲೆ ಪಂದ್ಯವಿದ್ದ ದಿನ ಅಪ್ಪ ಅಂಗಡಿ ಬಾಗಿಲು ಹಾಕಿ ಬಂದು ಗೋಲ್ ಕಂಬದ ಪಕ್ಕ ನಿಂತಿದ್ದ. ಅವರ ಕಡೆಯವನೊಬ್ಬ ಮೊಳಕಾಲಿಗೆ ಒದ್ದ, ಬಿದ್ದೆ. “ನಾಟಕ ಸಾಕು, ಏಳಲೇ” ಎಂದು ನಮ್ಮೂರ ಜನವೇ ಕೂಗಿದರು. ನನ್ನ ಕಣ್ಣಲ್ಲಿ ಹನಿ ನೀರಿರಲಿಲ್ಲ. ಅಪ್ಪ ಒಳಗೆ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನನ್ನ ಮುಖ ನೋಡಿದ.

“ಖರೇನ ನೋವಾಗೇತಿ ಇವಗ,” ಎಂದು ಕೂಗಿದವರಿಗೆ ಹೇಳಿದ. “ನನಗ ಗೊತ್ತಾಗತೈತಿ.”

ಆಮೇಲೆ ಪ್ರತಿ ಪಂದ್ಯಕ್ಕೂ ಬಂದ. ಹಗರಿಬೊಮ್ಮನಹಳ್ಳಿಗೂ ಬಂದ, ಕೂಡ್ಲಿಗಿಗೂ ಬಂದ.

ನಾನು ಪಿಯುಸಿಯಲ್ಲಿದ್ದಾಗ ಅಪ್ಪ ಅಂಗಡಿಯಲ್ಲೇ ಕುಸಿದು ತೀರಿಕೊಂಡ. ನನ್ನನ್ನು ಮೈದಾನದಿಂದ ಕರೆತಂದರು. ಮನೆಗೆ ಬರುವಷ್ಟರಲ್ಲಿ ಅವನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದ್ದರು. ಭಜನೆಯವರು ತಾಳ ಹಾಕುತ್ತಿದ್ದರು. ಎದುರಿಗೆ ಕೂತೆ. ಎದೆಯಲ್ಲಿ ಏನೂ ಇರಲಿಲ್ಲ. ಕಾಲಲ್ಲಿ ಮೈದಾನದ ಮಣ್ಣು ಇತ್ತು, ಅದನ್ನೇ ಉಗುರಿನಿಂದ ಕೆರೆಯುತ್ತಿದ್ದೆ.

ಮಂದಿ ಅಪ್ಪನನ್ನು ನೋಡಿ, ಆಮೇಲೆ ನನ್ನನ್ನು ನೋಡುತ್ತಿದ್ದರು. ಸೋದರತ್ತೆ ತಡೆಯಲಾರದೆ ಅಂದೇಬಿಟ್ಟಳು: “ಟಿವ್ಯಾಗ ಕೊಡ ಕೊಡ ಅಳತಿದ್ದ. ಹಡೆದಪ್ಪಗ ಒಂದು ಹನಿ ಇಲ್ಲ ನೋಡ್ರಿ.”

ಅವ್ವ ನನ್ನ ಕಡೆ ಬಗ್ಗಿದಳು. “ಅಳಪಾ. ಮಂದಿ ನೋಡಾಕತ್ತೈತಿ.”

ಅಪ್ಪ ಕುಕ್ಕರಗಾಲಲ್ಲಿ ಕೂತದ್ದನ್ನು ನೆನೆಸಿಕೊಂಡೆ. ಬರಲಿಲ್ಲ. ಅಂಗಡಿಯ ಬೆಲ್ಲದ ವಾಸನೆ ನೆನೆಸಿಕೊಂಡೆ. ಅದಕ್ಕೂ ಬರಲಿಲ್ಲ. ಕೊನೆಗೆ ಬಾಯಿ ಮುಚ್ಚಿಕೊಂಡು ಆಕಳಿಸಿದೆ. ರೆಪ್ಪೆ ಬಡಿಯಲಿಲ್ಲ.

ನೀರು ಬಂತು. ಸೋದರತ್ತೆ ನನ್ನ ತಲೆ ಹಿಡಿದುಕೊಂಡು ತಾನೂ ಅತ್ತಳು. ಮಂದಿಗೆ ಸಮಾಧಾನವಾಯಿತು. ಅವ್ವ ಸೆರಗಿನಿಂದ ನನ್ನ ಮುಖ ಒರೆಸಿ, ನನಗಷ್ಟೇ ಕೇಳುವ ಹಾಗೆ, “ಸಾಕು ಬಿಡು, ಆತು” ಅಂದಳು.

ಗೋಡೆಗೆ ಒರಗಿ ಕೂತಿದ್ದ ಅಪ್ಪನ ಕಡೆ ಮಾತ್ರ ನನಗೆ ನೋಡಲಾಗಲಿಲ್ಲ. ಅವನಿಗೆ ಗೊತ್ತಾಗುತ್ತಿತ್ತು.