ಜಡ್ಡಿಗೆ ಬೀಳದ ಕಂಪ್ಯೂಟರು

ತನ್ನ ಕಂಪ್ಯೂಟರಿಗೆ ವೈರಸ್ ಬರಲಿ ಎಂದು ಹಾರೈಸಿದವನು ಈ ನವನಗರದಲ್ಲಿ ನಾನೊಬ್ಬನೇ ಇರಬೇಕು. ನಗಬೇಡಿ, ಕಾರಣವಿದೆ.

ಮೊದಲು ನನ್ನದರಲ್ಲಿ ವಿಂಡೋಸ್ ಇತ್ತು. ಆಗಾಗ ಜಡ್ಡಿಗೆ ಬೀಳುತ್ತಿತ್ತು. ಬಿದ್ದಾಗೆಲ್ಲ ಈರಣ್ಣನಿಗೆ ಫೋನು. ಅಣೆಕಟ್ಟಿನ ನೀರಿನಲ್ಲಿ ಮುಳುಗಿದ ಹಳೆಯ ಬಾಗಲಕೋಟೆಯಲ್ಲಿ ನಮ್ಮ ಮನೆಗೂ ಅವನ ಮನೆಗೂ ಒಂದೇ ಗೋಡೆ. ಈಗ ಅವನದು ನವನಗರದ ಆ ತುದಿಯ ಸೆಕ್ಟರು. ಅಲ್ಲಿ ಡಿಟಿಪಿ ಅಂಗಡಿ, ಇಂಟರ್‌ನೆಟ್ಟು ಎರಡೂ ಇಟ್ಟುಕೊಂಡಿದ್ದ. ಆಂಟಿವೈರಸ್ಸಿನ ಹೊಸ ಅಪ್‌ಡೇಟನ್ನು ಸಿಡಿಯಲ್ಲಿ ಹಾಕಿಕೊಂಡು ಐತವಾರ ಬರುತ್ತಿದ್ದ. ಸ್ಕ್ಯಾನ್ ಮುಗಿಯಲು ತಾಸುಗಟ್ಟಲೆ ಬೇಕು. ಅಷ್ಟೂ ಹೊತ್ತು ಚಹಾ, ಚುರುಮುರಿ, ಹಳೆಯ ಓಣಿಯ ಮಾತು. ಬೇವಿನ ಮರ ವಾಲಿದ್ದು ಅವರ ಮನೆಯ ಕಡೆಗೋ ನಮ್ಮ ಮನೆಯ ಕಡೆಗೋ ಎಂದು ಪ್ರತಿಸಲ ಜಗಳ. ಮರ, ಮನೆ ಎಲ್ಲಾ ಹಿನ್ನೀರಿನ ಕೆಳಗಿದ್ದುದರಿಂದ ಹೋಗಿ ನೋಡುವ ಹಾಗೂ ಇರಲಿಲ್ಲ.

ಆ ಓಣಿಯಲ್ಲಿ ಒಬ್ಬರ ಮನೆಗೆ ಹೋಗಲು ನೆಪ ಬೇಕಿರಲಿಲ್ಲ. ಮಾಳಿಗೆಯಿಂದ ಮಾಳಿಗೆಗೆ ದಾಟಿದರೆ ಆಯಿತು. ಇಲ್ಲಿ ಅಗಲವಾದ ರಸ್ತೆ, ಕಂಪೌಂಡು, ಗೇಟು. ಗೇಟು ಸಪ್ಪಳವಾದರೆ ಒಳಗಿನವರು, "ಏನ್ ಕೆಲಸಿತ್ರಿ?" ಅನ್ನುತ್ತಾರೆ. ಈರಣ್ಣನೋ, ಕೆಲಸವಿಲ್ಲದೆ ಯಾರ ಗೇಟನ್ನೂ ಮುಟ್ಟುವವನಲ್ಲ.

ಅಂಥದ್ದರಲ್ಲಿ ನಾನೊಂದು ಶಾಣ್ಯಾತನ ಮಾಡಿದೆ. ವಿಂಡೋಸ್ ತೆಗೆದು, ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸಿಡಿಯಿಂದ ಅದರ ಜಾಗದಲ್ಲಿ ಲಿನಕ್ಸ್ ಹಾಕಿಕೊಂಡೆ. ಅದರಲ್ಲಿ ಯಾವ ಪ್ರೋಗ್ರಾಮೂ ಯಜಮಾನನ ಪಾಸ್‌ವರ್ಡ್ ಇಲ್ಲದೆ ಒಳಮನೆಗೆ ಕಾಲಿಡುವಂತಿಲ್ಲ. ಥೇಟ್ ನವನಗರದ ಗೇಟು! ಈರಣ್ಣ ನೋಡಿ, "ಛಲೋ ಮಾಡಿದಿ ಬಿಡಪಾ. ಇದಕ್ಕ ವೈರಸ್ ಹತ್ತೂದಿಲ್ಲ. ಇನ್ನ ಇಲ್ಲಿ ನನ್ನ ಕೆಲಸೇನೈತಿ?" ಅಂದ. ಚಹಾ ಕುಡಿದು ಹೋದವನು ಮತ್ತೆ ಬರಲಿಲ್ಲ.

"ಈರಣ್ಣಾರು ಯಾಕ ಬರವಲ್ರು?" ಎಂದು ಹೆಂಡತಿ ಕೇಳಿದರೆ, "ಮಶೀನು ಆರಾಮ ಐತಿ" ಎನ್ನುತ್ತಿದ್ದೆ. ಮಶೀನು ಆರಾಮಾಗಿಯೇ ಇತ್ತು. ನನಗೇ ಐತವಾರ ಬಂತೆಂದರೆ ಜೀವ ಹಳಹಳಿಸುತ್ತಿತ್ತು. ಲಿನಕ್ಸಿಗೆ ಆಂಟಿವೈರಸ್ ಬೇಕೋ ಬೇಡವೋ ಎಂದು ಬಲ್ಲವರು ಪತ್ರಿಕೆಗಳಲ್ಲಿ ವಾದಿಸುತ್ತಿದ್ದರು. ಬೇಡ ಎಂದು ಬರೆದವರ ಮೇಲೆ ನನಗೆ ಸುಮ್‌ಸುಮ್ಮನೆ ಸಿಟ್ಟು. ಅವರ ಮನೆಗೆಲ್ಲ ಮಂದಿ ತಾವಾಗಿಯೇ ಬರುತ್ತಿರಬೇಕು.

ಒಮ್ಮೆ ಇಳಕಲ್ಲಿನ ಭಾವ ಮಗಳ ಲಗ್ನಪತ್ರಿಕೆಯ ಮಜಕೂರನ್ನು ಪೆನ್‌ಡ್ರೈವಿನಲ್ಲಿ ಕಳಿಸಿದರು. ನನ್ನ ಲಿನಕ್ಸಿನಲ್ಲಿ ಅದನ್ನು ತಿದ್ದಿ, ಅಚ್ಚು ಹಾಕಿಸಲು ಈರಣ್ಣನ ಅಂಗಡಿಗೇ ಒಯ್ದೆ. ಚುಚ್ಚಿದ್ದೇ ತಡ, ಅವನ ಕಂಪ್ಯೂಟರು ಲಬೋಲಬೋ ಎಂದಿತು.

"ಲೇ, ನಿನ್ನ ಮಶೀನಿಗೆ ಏನೂ ಆಗಂಗಿಲ್ಲ, ಖರೆ. ಆದ್ರ ಮಂದಿ ವೈರಸ್ ಹೊತಗೊಂಡು ಬಂದು ನನಗ ಹಚ್ಚತೀಯಲ್ಲೋ!"

ಬೈಯುವಾಗ ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. "ಲಿನಕ್ಸಿಗೂ ಆಂಟಿವೈರಸ್ ಐತಿ. ಐತವಾರ ತರ್ತೇನಿ, ಮನ್ಯಾಗ ಇರು," ಅಂದ.

ಬಂದ. ಹೆಂಡತಿ ಹಾಲು ಹೆಚ್ಚಿಗೆ ತರಿಸಿದ್ದಳು. ಸ್ಕ್ಯಾನ್ ಓಡುತ್ತಿತ್ತು, ಬೇವಿನ ಮರದ ಜಗಳವೂ ನಡೆದಿತ್ತು. ಕಡೆಗೆ ಪರದೆಯ ಮೇಲೆ ಬಂತು: ವೈರಸ್ ಒಂದೂ ಇಲ್ಲ. ಈರಣ್ಣ ಬಾಗಿಲಲ್ಲಿದ್ದ ಚಪ್ಪಲಿಯ ಕಡೆ ನೋಡಿದ. ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡು, "ಯಾಕೋ ಸಂಶೇ ಬರಾಕತ್ತೈತಿ. ತಡಿ, ಇನ್ನೊಮ್ಮಿ ಓಡಸೂಣು," ಅಂದ.